ಸಣ್ಣ ಕಚೇರಿಗೆ ಲೇಬಲ್ ಮುದ್ರಣ ಯಂತ್ರ: ಕೊಳ್ಳುವ ಮುನ್ನ ಗಮನಿಸತಕ್ಕ ಅಂಶಗಳು

ವ್ಯಾಪಾರದಲ್ಲಿ ಲೆಕ್ಕ ಬರೆದಿಡುವುದು ಎಷ್ಟು ಮುಖ್ಯವೋ, ಬರೆದಿಟ್ಟ ಲೆಕ್ಕವು ಬೇಕೆಂದಾಗ ಕೈಗೆ ಸಿಗುವುದೂ ಅಷ್ಟೇ ಮುಖ್ಯ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಪ್ರಕರಣದಂತೆ, ನೋಂದಾಯಿತ ವರ್ತಕರು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. 2023-24ರ ಸಾಲಿನ ಕಡತವನ್ನು 2030ರ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಬೇಕೆಂದಾಯಿತು. ಅಷ್ಟು ವರ್ಷ ಬೀರುವಿನಲ್ಲಿರುವ ಕಡತದ ಬೆನ್ನಿನ ಮೇಲಿನ ಅಕ್ಷರ ಅಳಿಸಿಹೋದರೆ ದಾಖಲೆ ಇದ್ದೂ ಇಲ್ಲದಂತೆ. ಆದಕಾರಣ ಲೇಬಲ್ ಯಂತ್ರವನ್ನು ಕೊಳ್ಳುವವರು ಅದರ ಬೆಲೆಗಿಂತ ಮೊದಲು ಮೂರು ಸಂಗತಿಗಳನ್ನು ವಿಚಾರಿಸುವುದು ಒಳಿತು: ಅಕ್ಷರ ಎಷ್ಟು ಕಾಲ ಉಳಿಯುತ್ತದೆ, ಕನ್ನಡ ಸರಿಯಾಗಿ ಮುದ್ರಣವಾಗುತ್ತದೆಯೇ, ಮತ್ತು ಟೇಪಿಗೆ ಎಷ್ಟು ಖರ್ಚು ತಗಲುತ್ತದೆ.

1. ಮುದ್ರಣದ ಬಗೆ

ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನೇರ ಉಷ್ಣ ಮುದ್ರಣ. ಇದರಲ್ಲಿ ಶಾಯಿಯಾಗಲಿ ರಿಬ್ಬನ್ ಆಗಲಿ ಇಲ್ಲ. ರಾಸಾಯನಿಕ ಲೇಪವಿರುವ ಕಾಗದವು ಶಾಖ ತಗುಲಿದಲ್ಲಿ ಕಪ್ಪಾಗುತ್ತದೆ. ಪೆಟ್ರೋಲ್ ಬಂಕಿನ ರಸೀದಿ, ಎಲೆಕ್ಟ್ರಾನಿಕ್ ತಕ್ಕಡಿಯ ಚೀಟಿ ಈ ಜಾತಿಯವು. ಬಿಸಿಲು, ಶಾಖ, ಎಣ್ಣೆಯ ಪಸೆ ಇವುಗಳಿಂದ ಇಂತಹ ಅಕ್ಷರಗಳು ಮಾಸುತ್ತವೆ. ಎರಡನೆಯದು ಉಷ್ಣ ವರ್ಗಾವಣೆ ಮುದ್ರಣ. ಇಲ್ಲಿ ರಿಬ್ಬನ್ನಿನ ಮೇಲಿನ ಶಾಯಿಯು ಕರಗಿ ಟೇಪಿಗೆ ಅಂಟಿಕೊಳ್ಳುತ್ತದೆ. ಲ್ಯಾಮಿನೇಟ್ ಮಾಡಿದ ಟೇಪುಗಳಲ್ಲಿ ಅಕ್ಷರಗಳ ಮೇಲೆ ಪಾರದರ್ಶಕ ಪದರವೊಂದು ಕೂರುವುದರಿಂದ ಉಜ್ಜಿದರೂ ಒರೆಸಿದರೂ ಅಳಿಯುವುದಿಲ್ಲ.

ಬೇಸಿಗೆಯ ಬಿಸಿಲು ಬಿರುಸಾಗಿರುವ ಪಾವಗಡ, ಸಿರಾ, ಮಧುಗಿರಿಗಳಲ್ಲಿ ತಗಡಿನ ಚಾವಣಿಯ ಗೋದಾಮಿಗೂ, ಶೇಂಗಾ ಎಣ್ಣೆ ಮಿಲ್ಲಿನ ಕೊಠಡಿಗೂ ಎರಡನೆಯ ಬಗೆಯೇ ಯೋಗ್ಯ. ಒಂದೆರಡು ವಾರದಲ್ಲಿ ಹೊರಹೋಗುವ ಪಾರ್ಸೆಲ್ಲುಗಳ ವಿಳಾಸ ಚೀಟಿಗೆ ಮಾತ್ರ ಮೊದಲನೆಯದು ಸಾಕು. ಅಲ್ಲಿ ಅದೇ ಮಿತವ್ಯಯ.

2. ಕನ್ನಡ ಮುದ್ರಣ

ಅಂಗೈಯಗಲದ, ಕೀಲಿಗಳುಳ್ಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ದಾಸ್ತಾನು ತೆಗೆಯುವ ಹಮಾಲರು ಮತ್ತು ಸಹಾಯಕರು ಕನ್ನಡವನ್ನಷ್ಟೇ ಓದಬಲ್ಲವರಾದರೆ ಅಂತಹ ಯಂತ್ರದಿಂದ ಪ್ರಯೋಜನ ಅಲ್ಪ. ಕಂಪ್ಯೂಟರಿಗೆ ಅಥವಾ ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಬಹುದಾದ ಮಾದರಿಗಳಲ್ಲಿ ಈ ತೊಡಕು ಕಡಿಮೆ. ಅಲ್ಲಿ ಅಕ್ಷರಗಳು ಚಿತ್ರರೂಪದಲ್ಲಿ ಯಂತ್ರವನ್ನು ತಲುಪುವುದರಿಂದ ನುಡಿ, ಬರಹ ಅಥವಾ ಯೂನಿಕೋಡ್ ಫಾಂಟುಗಳನ್ನು ಬಳಸಬಹುದು. ಗಡಿಯ ಪಾವಗಡದಲ್ಲಿ ತೆಲುಗು ಬಲ್ಲ ಕೆಲಸಗಾರರಿದ್ದರೆ ಅದೇ ಯಂತ್ರದಲ್ಲಿ ತೆಲುಗನ್ನೂ ಮುದ್ರಿಸಿಕೊಳ್ಳಬಹುದು.

ಟೇಪಿನ ಅಗಲವನ್ನೂ ಗಮನಿಸತಕ್ಕದ್ದು. ಸಾಮಾನ್ಯ ಅಳತೆಗಳು 6, 9, 12, 18 ಮತ್ತು 24 ಮಿ.ಮೀ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, 9 ಮಿ.ಮೀ. ಟೇಪಿನಲ್ಲಿ ಇಂಗ್ಲಿಷ್ ಓದಲು ಬಂದರೂ ಕನ್ನಡ ಕಿರಿದಾಗಿ ಕಾಣುತ್ತದೆ. ಕಡತಗಳಿಗೆ 12 ಅಥವಾ 18, ಗೋದಾಮಿನ ಕಪಾಟುಗಳಿಗೆ 24 ಮಿ.ಮೀ. ಅನುಕೂಲ. ಕೆಲವು ಚಿಕ್ಕ ಯಂತ್ರಗಳು 12 ಮಿ.ಮೀ.ಗಿಂತ ಅಗಲವಾದ ಟೇಪನ್ನು ಹಿಡಿಸುವುದಿಲ್ಲವೆಂಬುದನ್ನು ಮರೆಯಬಾರದು.

3. ಟೇಪಿನ ಖರ್ಚು

ಯಂತ್ರಕ್ಕೆ ಹಣ ಕೊಡುವುದು ಒಂದೇ ಸಲ. ಟೇಪಿಗೆ ಪದೇ ಪದೇ. ಒಂದು ಕಂಪನಿಯ ಕ್ಯಾಸೆಟ್ ಮತ್ತೊಂದು ಕಂಪನಿಯ ಯಂತ್ರಕ್ಕೆ ಹೊಂದುವುದಿಲ್ಲ. ಬ್ರದರ್ ಕಂಪನಿಯ ಲ್ಯಾಮಿನೇಟೆಡ್ ಕ್ಯಾಸೆಟ್ಟಿನಲ್ಲಿ ಸಾಮಾನ್ಯವಾಗಿ 8 ಮೀಟರ್, ಡೈಮೋ ಕಂಪನಿಯ ಡಿ1 ಕ್ಯಾಸೆಟ್ಟಿನಲ್ಲಿ 7 ಮೀಟರ್ ಟೇಪು ಇರುತ್ತದೆ. ಆದ್ದರಿಂದ ಕ್ಯಾಸೆಟ್ಟಿನ ಬೆಲೆಯನ್ನಲ್ಲ, ಮೀಟರಿನ ಬೆಲೆಯನ್ನು ಹೋಲಿಸಿ ನೋಡಬೇಕು.

ಪೋಲಾಗುವ ಟೇಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುದ್ರಿಸುವ ತಲೆಗೂ ಕತ್ತರಿಗೂ ನಡುವೆ ಅಂತರವಿರುವುದರಿಂದ ಅನೇಕ ಯಂತ್ರಗಳಲ್ಲಿ ಪ್ರತಿ ಲೇಬಲ್ಲಿನ ಮುಂದೆ ಸುಮಾರು 25 ಮಿ.ಮೀ. ಖಾಲಿ ಟೇಪು ಹೊರಬರುತ್ತದೆ. 50 ಮಿ.ಮೀ. ಉದ್ದದ ಲೇಬಲ್ಲುಗಳನ್ನು ಒಂದೊಂದಾಗಿ ತೆಗೆದರೆ 8 ಮೀಟರಿನಲ್ಲಿ ದೊರೆಯುವುದು 106. ಅವನ್ನೇ ಸರಪಳಿಯಂತೆ ಒಟ್ಟಿಗೆ ಮುದ್ರಿಸಿ, ನಡುವೆ 4 ಮಿ.ಮೀ. ಮಾತ್ರ ಬಿಟ್ಟರೆ ಸುಮಾರು 147. ಈ ಸೌಲಭ್ಯ ಯಂತ್ರದಲ್ಲಿದೆಯೇ ಎಂದು ಕೇಳಿ ತಿಳಿಯಿರಿ.

4. ಯಂತ್ರ ಎಲ್ಲಿ ಒದಗದು

ಒಂದೇ ಬಗೆಯ ಸಾವಿರಾರು ಚೀಟಿಗಳು ಬೇಕಾದಾಗ ಮುದ್ರಣಾಲಯವೇ ಅಗ್ಗ. ಕಚೇರಿಯಲ್ಲಿ ಲೇಸರ್ ಪ್ರಿಂಟರ್ ಇದ್ದರೆ ಎ4 ಅಳತೆಯ ಸ್ಟಿಕರ್ ಹಾಳೆಗಳಿಂದಲೂ ಒಳಾಂಗಣದ ಕೆಲಸ ನಡೆಯುತ್ತದೆ. ಗೋಣಿಚೀಲಕ್ಕೆ ಟೇಪು ಅಂಟುವುದಿಲ್ಲ. ಹುಣಸೆ, ಶೇಂಗಾ ಮೂಟೆಗಳಿಗೆ ದಾರದಿಂದ ಕಟ್ಟುವ ರಟ್ಟಿನ ಚೀಟಿಯೇ ಸರಿ. ಕಬ್ಬಿಣದ ಕಪಾಟಿಗೆ ಅಂಟಿಸುವಾಗ ಧೂಳನ್ನೂ ಎಣ್ಣೆಯನ್ನೂ ಒರೆಸಿ ಒಣಗಿಸಿರಬೇಕು.

ಪೊಟ್ಟಣದ ಸರಕಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳ 6(3)ನೇ ನಿಯಮದಂತೆ, ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳನ್ನು ಬಿಡಿ ಸ್ಟಿಕರ್ ಅಂಟಿಸಿ ಬದಲಿಸುವಂತಿಲ್ಲ. ಗರಿಷ್ಠ ಮಾರಾಟ ಬೆಲೆಯನ್ನು ಇಳಿಸುವುದಕ್ಕೆ ಮಾತ್ರ ಸ್ಟಿಕರ್ ಹಚ್ಚಬಹುದು. ಆಗಲೂ ಮೂಲ ಬೆಲೆ ಮುಚ್ಚಿಹೋಗಬಾರದು. ಕೈಯಲ್ಲಿ ಲೇಬಲ್ ಯಂತ್ರವಿದೆಯೆಂದು ಬೆಲೆ ಏರಿಸಿ ಅಂಟಿಸುವುದು ಅಪರಾಧವಾಗುತ್ತದೆ.

5. ಕೊಳ್ಳುವ ದಿನ

ಅಂಗಡಿಯಲ್ಲಿಯೇ ಯಂತ್ರವನ್ನು ಚಾಲೂ ಮಾಡಿಸಿ ‘ಖರ್ಚು’, ‘ದಾಸ್ತಾನು’, ‘ಲೆಕ್ಕಪತ್ರ’, ‘ಸ್ವೀಕೃತಿ’ ಎಂಬ ಪದಗಳನ್ನು ಮುದ್ರಿಸಿ ನೋಡಿರಿ. ಅರ್ಕಾವೊತ್ತು, ಒತ್ತಕ್ಷರಗಳು ಒಡೆಯದೆ ಬಂದರೆ ಉಳಿದುದೂ ಬರುತ್ತದೆ. ವಿದ್ಯುತ್ ಕೈಕೊಟ್ಟಾಗ ಬ್ಯಾಟರಿಯಿಂದ ನಡೆಯುತ್ತದೆಯೇ, ಟೇಪು ತುಮಕೂರಿನಲ್ಲಿ ದೊರೆಯುತ್ತದೆಯೇ ಅಥವಾ ಬೆಂಗಳೂರಿನಿಂದಲೇ ತರಿಸಬೇಕೇ ಎಂಬುದನ್ನೂ ವಿಚಾರಿಸಿ. ತಮ್ಮ ಜಿ.ಎಸ್.ಟಿ. ಸಂಖ್ಯೆ ನಮೂದಿಸಿದ ಬಿಲ್ಲನ್ನೇ ಪಡೆಯಿರಿ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ವರ್ತಕರು ವ್ಯವಹಾರಕ್ಕಾಗಿ ಕೊಂಡ ಯಂತ್ರದ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅದು ಆಧಾರ. ಈ ಪರೀಕ್ಷೆಗಳಲ್ಲಿ ಗೆದ್ದ ಯಂತ್ರಗಳ ಪೈಕಿ ಬೆಲೆ ಕಡಿಮೆಯಿರುವುದನ್ನು ಆರಿಸಿಕೊಂಡರೆ ಹಣಕ್ಕೂ ಹಿತ, ಕಡತಕ್ಕೂ ಹಿತ.