ಬಾಗಿಲ ಹೊರಗೆ ಹೀರೋ... ಒಳಗೆ ಯಾರು?

ನಮ್ಮ ಸಿನಿಮಾಗಳಲ್ಲಿ ಹೆರಿಗೆ ಹೇಗಾಗುತ್ತದೆ, ಸ್ವಲ್ಪ ನೆನಪಿಸಿಕೊಳ್ಳಿ. ಹೊರಗೆ ಗುಡುಗು, ಮಿಂಚು. 'ಬಿಸಿನೀರು ತನ್ನಿ' ಎಂದು ಮುದುಕಿಯೊಬ್ಬಳ ಕೂಗು. ಬಾಗಿಲು ದಡಾರನೆ ಮುಚ್ಚುತ್ತದೆ. ಹೀರೋ ಜಗಲಿಯಲ್ಲಿ ಶತಪಥ ಹಾಕುತ್ತಾನೆ. 'ಅಮ್ಮಾ...' ಎಂಬ ಒಂದು ಚೀರಾಟ, ಹಿಂದೆಯೇ ಮಗುವಿನ ಅಳು. ಕಟ್! ಎಲ್ಲ ಸೇರಿ ಎರಡೇ ನಿಮಿಷ. 2009ರ 'ತ್ರೀ ಈಡಿಯಟ್ಸ್'ನಲ್ಲಿ ಮಳೆ ನೀರು ತುಂಬಿದ ರಾತ್ರಿ ಆಮೀರ್ ಖಾನ್ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಹೆರಿಗೆ ಮಾಡಿಸಿದಾಗ ಶಾಲಾ ಹುಡುಗನಾಗಿದ್ದ ನಾನೂ ಶಿಳ್ಳೆ ಹೊಡೆದವನೇ!

ಆದರೆ ಓದುಗರೇ, ಬಾಗಿಲು ಮುಚ್ಚಿದ ಮೇಲೆ ಆ ಹೆಂಗಸಿನ ಕೈ ಹಿಡಿದುಕೊಂಡವರು ಯಾರು? ಈ ಪ್ರಶ್ನೆ ನನಗೆ ಬಂದದ್ದು ಆಸ್ಪತ್ರೆಯೊಂದರ ಬೆಂಚಿನ ಮೇಲೆ.

ಐದು ವರ್ಷದ ಹಿಂದಿನ ಮಾತು. ನಮ್ಮ ಮನೆ ಮಂಗಳೂರಿನ ಶಕ್ತಿನಗರದಲ್ಲಿ. ಅಕ್ಕನಿಗೆ ಚೊಚ್ಚಲ ಹೆರಿಗೆ. ಬೆಳಗಿನ ಜಾವ ರಿಕ್ಷಾ ಹಿಡಿದು ನಂತೂರು ದಾಟಿ ಆಸ್ಪತ್ರೆ ಸೇರಿದೆವು. ಅವಳನ್ನು ಒಳಗೆ ಕರೆದುಕೊಂಡರು. 'ನೀವು ಹೊರಗೆ ಕೂತ್ಕೊಳ್ಳಿ' ಎಂದರು. ಬಾಗಿಲು ಮುಚ್ಚಿತು. ಅಮ್ಮ, ಭಾವ, ನಾನು, ಮೂವರೂ ಹನ್ನೊಂದು ಗಂಟೆ ಬೆಂಚಿನಲ್ಲಿ. ಒಳಗಿಂದ ಕೂಗು ಕೇಳಿದಾಗಲೆಲ್ಲ ಅಮ್ಮ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಮಗು ಚೆನ್ನಾಗಿತ್ತು. ತಾಯಿಯೂ ಚೆನ್ನಾಗಿದ್ದಾಳೆ ಎಂದರು. ನಾವು ಸ್ವೀಟ್ ಹಂಚಿದೆವು. ಆದರೆ ಅಕ್ಕ ಎರಡು ದಿನ ಮಗುವಿನ ಮುಖವನ್ನೇ ಸರಿಯಾಗಿ ನೋಡಲಿಲ್ಲ. ತಿಂಗಳುಗಟ್ಟಲೆ ರಾತ್ರಿ ಬೆಚ್ಚಿ ಏಳುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಹೇಳಿದಳು: 'ನೋವು ಹೇಗೋ ತಡ್ಕೊಂಡೆ ಮಾರಾಯ. ನಾನು ಸತ್ತರೂ ಇಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂತ ಅನಿಸಿತಲ್ಲ, ಅದನ್ನು ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ.'

ನರ್ಸಮ್ಮನನ್ನು ದೂರುವುದಿಲ್ಲ. ಆಕೆ ಒಬ್ಬಳು, ನೋವು ತಿನ್ನುವವರು ನಾಲ್ಕು ಜನ. ಆಕೆ ಯಾರ ಕೈ ಹಿಡಿಯಬೇಕು?

ಕೃಷ್ಣಾಪುರದ ಅಜ್ಜಿ

ಹಿಂದೆ ಈ ಕೈ ಹಿಡಿಯುವ ಕೆಲಸ ಸೂಲಗಿತ್ತಿಯದಾಗಿತ್ತು. ಆ ಹೆಸರಿಗೆ ದಿಲ್ಲಿಯಲ್ಲೂ ಗೌರವ ತಂದುಕೊಟ್ಟವರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 1920ರಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆ. ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಲೆಕ್ಕ, ಕೂಲಿ ಕೇಳದೆ! ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಆ ಅಜ್ಜಿಯ ಡಾಕ್ಟರೇಟ್ ಎಂದರೆ ಒಂದು ಥರಾ ಖುಷಿ.

ತೆರೆಯ ಮೇಲೂ ಒಬ್ಬಳಿದ್ದಾಳೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು 1983ರಲ್ಲಿ ತೆಗೆದ 'ಫಣಿಯಮ್ಮ'. ಎಲ್.ವಿ. ಶಾರದಾ ಅವರ ಪಾತ್ರ ಮರೆಯುವಂಥದ್ದೇ? ಜನ್ಮವಿಡೀ ಮಡಿಯಲ್ಲಿ ಬದುಕಿದ ಆ ವಿಧವೆ, ಊರು ಮುಟ್ಟದೆ ದೂರವಿಟ್ಟ ಹೆಣ್ಣಿನ ಹೆರಿಗೆಗೆ ಕೈಕೊಡುತ್ತಾಳೆ. ಹೆಣ್ಣು ಬೇನೆ ತಿನ್ನುವಾಗ ಮಡಿ ಎಲ್ಲಿ, ಮೈಲಿಗೆ ಎಲ್ಲಿ!

ಹಾಗಂತ ಮನೆಯಲ್ಲೇ ಹೆರಿ ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ ಆದರೆ, ಮಗು ಅಡ್ಡ ತಿರುಗಿದರೆ ಬೇಕಾದದ್ದು ಡಾಕ್ಟರು, ರಕ್ತ, ಆಪರೇಷನ್ ಥಿಯೇಟರು. ಹಳೆ ಕಾಲದಲ್ಲಿ ಎಷ್ಟು ತಾಯಂದಿರು ಹೋಗಿಬಿಟ್ಟರು ಎಂದು ನಮ್ಮ ಅಜ್ಜಿಯರನ್ನು ಕೇಳಿ. ಆದರೆ ಸೂಲಗಿತ್ತಿ ಎರಡು ಕೆಲಸ ಮಾಡುತ್ತಿದ್ದಳು. ಮಗುವನ್ನು ಹೊರತೆಗೆಯುವುದು ಒಂದು, ತಾಯಿಯನ್ನು ಬಿಟ್ಟು ಕದಲದೆ ಕೂರುವುದು ಇನ್ನೊಂದು. ಮೊದಲನೆಯದನ್ನು ಆಸ್ಪತ್ರೆ ಇನ್ನೂ ಚೆನ್ನಾಗಿ ಮಾಡಿತು. ಎರಡನೆಯದು ಬಾಗಿಲ ಹೊರಗೇ ಉಳಿದುಹೋಯಿತು!

ಡೌಲಾ ಅಂದರೆ ಎಂತ?

ಆ ಎರಡನೇ ಕೆಲಸಕ್ಕೆ ಈಗ ಒಂದು ಹೆಸರುಂಟು: ಡೌಲಾ. ಮೂಲ ಗ್ರೀಕ್ ಪದ, ಸೇವೆ ಮಾಡುವ ಹೆಂಗಸು ಎಂದರ್ಥ. ಡೌಲಾ ತಪಾಸಣೆ ಮಾಡುವುದಿಲ್ಲ, ಇಂಜೆಕ್ಷನ್ ಚುಚ್ಚುವುದಿಲ್ಲ, ಮದ್ದು ಕೊಡುವುದಿಲ್ಲ. ಸೊಂಟ ನೀವುತ್ತಾಳೆ, ನಡೆಸುತ್ತಾಳೆ, ಮಗ್ಗುಲು ಬದಲಿಸಲು ಸಹಾಯ ಮಾಡುತ್ತಾಳೆ, ಗುಟುಕು ನೀರು ಕೊಡುತ್ತಾಳೆ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುತ್ತಾಳೆ. ಬೆಂಗಳೂರಿನಂಥ ಊರಿನಲ್ಲಿ ತರಬೇತಿ ಪಡೆದು ಫೀಸಿಗೆ ಬರುವವರೂ ಇದ್ದಾರೆ.

ಇದು ದುಡ್ಡಿದ್ದವರ ಶೋಕಿ ಎಂದು ನಾನೂ ನಕ್ಕಿದ್ದೆ. ಆಮೇಲೆ ಓದಿದೆ. ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಬಸುರಿಯರ ಜೊತೆಗೆ ಪರಿಚಯವೇ ಇಲ್ಲದ ಹೆಂಗಸೊಬ್ಬಳನ್ನು ಕೂರಿಸಿ ನೋಡಿದರಂತೆ. ಫಲಿತಾಂಶ 1980ರಲ್ಲಿ ಅಚ್ಚಾಯಿತು. ಒಬ್ಬರೇ ಇದ್ದವರಿಗೆ ಹೆರಿಗೆಗೆ ಸರಾಸರಿ 19 ಗಂಟೆ ಹಿಡಿದರೆ, ಜೊತೆಗಾತಿ ಇದ್ದವರಿಗೆ 9 ಗಂಟೆಗೂ ಕಡಿಮೆ! ಆಮೇಲೆ 17 ದೇಶಗಳ 26 ಅಧ್ಯಯನಗಳನ್ನು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದರು. ಬಿಡದೆ ಜೊತೆಗಿರುವವರಿದ್ದರೆ ಸಿಸೇರಿಯನ್ ಕಡಿಮೆ, ಸಹಜ ಹೆರಿಗೆ ಜಾಸ್ತಿ, ಹೆರಿಗೆಯ ಬಗ್ಗೆ ಕಹಿ ನೆನಪೂ ಕಡಿಮೆ ಎಂದು ತೋರಿತು.

ಪಕ್ಕದ ಮನೆ ಆಂಟಿ

ಕಳೆದ ಮಳೆಗಾಲದಲ್ಲಿ ಅಕ್ಕ ಎರಡನೇ ಬಾರಿ ಹೆತ್ತಳು. ಬಸುರಿ ಎಂದು ಗೊತ್ತಾದ ದಿನ ಅವಳು ಅತ್ತದ್ದು ಹೆದರಿಕೆಯಿಂದ. ಈ ಸಲ ಬೇರೆ ಆಸ್ಪತ್ರೆ. ಮೊದಲೇ ಕೇಳಿದೆವು: 'ಒಳಗೆ ಒಬ್ಬರು ಬರಬಹುದಾ?' 'ಬರಬಹುದು, ಒಬ್ಬರೇ' ಎಂದರು. ಅಮ್ಮನಿಗೆ ರಕ್ತ ಕಂಡರೆ ತಲೆಸುತ್ತು. ಆಗ ಮುಂದೆ ಬಂದದ್ದು ಪಕ್ಕದ ಮನೆಯ ಆಂಟಿ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದ ಹೆಂಗಸು. 'ಹೆಸರು ಗಿಸರು ಹಾಕಬೇಡ ಮಾರಾಯ, ನಾನೆಂತ ಮಾಡಿದ್ದೇನೆ?' ಎಂದು ಈಗಲೂ ಬೈಯುತ್ತಾರೆ.

ಎಂತ ಮಾಡಿದರು? ಅಕ್ಕನ ಸೊಂಟ ತಿಕ್ಕಿದರು. ಅವಳು ಕೂಗಿದಾಗ 'ಕೂಗು, ನಾನುಂಟು' ಎಂದರು. ಗಂಟೆಗೊಮ್ಮೆ ಬಾಗಿಲ ಸಂದಿಯಿಂದ ತಲೆ ಹೊರಹಾಕಿ ಬೆಂಚಿನಲ್ಲಿದ್ದ ನಮಗೂ ಧೈರ್ಯ ಹೇಳಿದರು. ಎರಡನೇ ಹೆರಿಗೆ ಹೇಗೂ ಬೇಗ ಆಗುತ್ತದೆ, ಹಾಗಾಗಿ ಗಡಿಯಾರದ ಲೆಕ್ಕ ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಹೆತ್ತ ಕೂಡಲೇ ಅಕ್ಕ ಕೈಚಾಚಿ ಮಗುವನ್ನು ಕೇಳಿದಳಂತೆ.

ಇದು ಯಾರೋ ತೋರಿಸಿದ ದಯೆ ಎಂದುಕೊಳ್ಳಬೇಡಿ. ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಹೆತ್ತು ಅನುಭವ ಇರುವ ಹೆಂಗಸಾಗಿರಬೇಕು. ಮರೆಯ ವ್ಯವಸ್ಥೆ ಸರಿಯಿದ್ದಲ್ಲಿ ಗಂಡನೂ ಹೋಗಬಹುದು! ಖಾಸಗಿ ಆಸ್ಪತ್ರೆಗಳಲ್ಲಿ ಅವರವರ ನಿಯಮ. ಆದ್ದರಿಂದ ನೋವು ಬರುವ ಮೊದಲೇ, ತಿಂಗಳ ತಪಾಸಣೆಗೆ ಹೋದಾಗಲೇ, ಬಾಯಿಬಿಟ್ಟು ಕೇಳಿ. ಐದು ವರ್ಷದ ಹಿಂದೆ ನಾವು ಕೇಳಲೇ ಇಲ್ಲ. ಕೇಳಬಹುದೆಂದೇ ಗೊತ್ತಿರಲಿಲ್ಲ.

ಶಕ್ತಿನಗರದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ತುಂಬು ಬಸುರಿಯರು ಲೇಡಿ ಗೋಶನ್ ಆಸ್ಪತ್ರೆಗೆಂದು ಇಳಿಯುವುದನ್ನು ಈಗ ಕಂಡರೆ, ಜೊತೆಗೆ ಯಾರು ಇಳಿಯುತ್ತಾರೆ ಎಂದು ನನ್ನ ಕಣ್ಣು ಹುಡುಕುತ್ತದೆ.

ನಮ್ಮ ನಿರ್ದೇಶಕರಿಗೂ ಒಂದು ಬಿನ್ನಹ. ಮುಂದಿನ ಚಿತ್ರದಲ್ಲಿ ಹೆರಿಗೆಯ ಸೀನ್ ಇದ್ದರೆ ಹೀರೋ ಜಗಲಿಯಲ್ಲಿ ನಡೆದದ್ದು ಸಾಕು. ಕ್ಯಾಮೆರಾವನ್ನು ಒಮ್ಮೆ ಬಾಗಿಲ ಒಳಗೆ ಒಯ್ಯಿರಿ ಸ್ವಾಮಿ. ಒಂದು ಕೈಯನ್ನು ಇನ್ನೊಂದು ಕೈ ಹಿಡಿದುಕೊಂಡದ್ದನ್ನು ತೋರಿಸಿ. ಶಿಳ್ಳೆ ಹೊಡೆಯಲಿಕ್ಕೆ ನಾನಿದ್ದೇನೆ!