ಬಿದ್ದ ಹಕ್ಕಿಯನ್ನು ರಿಟ್ರೀವರ್ ನಾಯಿ ಮೂಗಿನಿಂದಲೇ ಹುಡುಕುತ್ತದೆಯೇ?

ಬೇಟೆಗಾರನ ಗುಂಡಿಗೆ ಬಾತುಕೋಳಿ ಬೀಳುತ್ತದೆ, ನಾಯಿ ನೇರವಾಗಿ ಓಡಿಹೋಗಿ ಬಾಯಲ್ಲಿ ಹಿಡಿದು ತರುತ್ತದೆ. ಇಂಥ ವಿಡಿಯೋ ನೋಡಿದವರು ಸಾಮಾನ್ಯವಾಗಿ ಹೇಳುವುದು, "ಎಂಥಾ ಮೂಗು! ಹುಟ್ಟಿನಿಂದಲೇ ಬಂದದ್ದು." ಇದು ಅರ್ಧ ಸತ್ಯ.

ಎತ್ತಿ ತರುವ ಆಸೆ ತಳಿಯಲ್ಲೇ ಇದೆ, ನಿಜ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಲಾರ್ಡ್ ಟ್ವೀಡ್‌ಮೌತ್ ಗೋಲ್ಡನ್ ರಿಟ್ರೀವರ್ ತಳಿ ಬೆಳೆಸಿದ್ದೇ ಈ ಕೆಲಸಕ್ಕೆ. ಆದರೆ ಹಕ್ಕಿ ಬಿದ್ದ ಜಾಗವನ್ನು ದೂರದಿಂದಲೇ ಕಣ್ಣಲ್ಲಿ ಗುರುತಿಸಿ, ನೆನಪಿಟ್ಟು, ಅಲ್ಲಿಗೇ ಹೋಗುವುದನ್ನು ಕಲಿಸಬೇಕು. ಇದಕ್ಕೆ 'ಮಾರ್ಕಿಂಗ್' ಎನ್ನುತ್ತಾರೆ. ಗಾಳಿ ನಾಯಿಯ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ದೂರದ ವಾಸನೆ ಅದರ ಕಡೆಗೆ ಬರುವುದೇ ಇಲ್ಲ. ಮೂಗಿನ ಕೆಲಸ ಹೆಚ್ಚಾಗಿ ಆ ಜಾಗ ತಲುಪಿದ ಮೇಲೆ. ಅಲ್ಲೂ ಸಿಗದಿದ್ದರೆ, ರೆಕ್ಕೆಗೆ ಮಾತ್ರ ಏಟು ಬಿದ್ದ ಹಕ್ಕಿ ಪೊದೆಯಲ್ಲೇ ನರಳಿ ಸಾಯುತ್ತದೆ.

ಮರಿಗೆ ಮೊದಲು ಹಕ್ಕಿಯಲ್ಲ, ಡಮ್ಮಿ. ಗಿಡ್ಡ ಹುಲ್ಲಿನ ಬಯಲಲ್ಲಿ ಸಹಾಯಕರೊಬ್ಬರು ಕೂಗಿ ಗಮನ ಸೆಳೆದು ಅದನ್ನು ಎತ್ತರಕ್ಕೆ ಎಸೆಯುತ್ತಾರೆ. ಬಿದ್ದದ್ದನ್ನು ನೋಡಿದ ಮೇಲಷ್ಟೇ ಮರಿಯನ್ನು ಬಿಡುತ್ತಾರೆ. ಮೊದಲು ದೂರ ಹೆಚ್ಚಿಸಿ, ಆಮೇಲೆ ಎತ್ತರದ ಹುಲ್ಲಿಗೆ ಹೋಗುತ್ತಾರೆ. ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ. ಮರಿ ದಾರಿ ತಪ್ಪಿದರೆ ಸಹಾಯಕರೇ ಮತ್ತೊಮ್ಮೆ ಎಸೆದು ತೋರಿಸುತ್ತಾರೆ. ಪ್ರತಿ ಸಲ ಯಜಮಾನರು ಕೈ ತೋರಿಸಿದರೆ, ಮರಿ ತನ್ನ ನೆನಪನ್ನು ನಂಬದೆ ಅವರ ಮುಖ ನೋಡುವುದನ್ನೇ ಕಲಿಯುತ್ತದೆ. ಅಮೆರಿಕನ್ ಕೆನಲ್ ಕ್ಲಬ್‌ನ ಮೊದಲ ಹಂತದ ಪರೀಕ್ಷೆಯಲ್ಲಿ ನೆಲದ ಮೇಲೆ 2, ನೀರಿನಲ್ಲಿ 2 ಹಕ್ಕಿಗಳನ್ನು ಒಂದೊಂದಾಗಿ ತರಬೇಕು. ಒಂದಕ್ಕಿಂತ ಹೆಚ್ಚು ಬಿದ್ದಾಗ ಎಲ್ಲವನ್ನೂ ನೆನಪಿಡುವುದು ಮುಂದಿನ ಹಂತಗಳಿಗೆ.

ನಮಗೆ ಅಚ್ಚರಿಯಾದದ್ದು ಬಣ್ಣದ ವಿಷಯ. ಕಿತ್ತಳೆ ಡಮ್ಮಿ ನಮ್ಮ ಕಣ್ಣಿಗೆ ಹೊಡೆಯುತ್ತದೆ. ನಾಯಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ನಮ್ಮಲ್ಲಿ ಮೂರು. ಹಾಗಾಗಿ ಹಸಿರು ಹುಲ್ಲಿನಲ್ಲಿ ಕಿತ್ತಳೆ ಅವಕ್ಕೆ ಕಳೆದೇಹೋಗುತ್ತದೆ. ಮಾರ್ಕಿಂಗ್‌ಗೆ ಬಿಳಿ ಅಥವಾ ಕಪ್ಪು-ಬಿಳುಪು ಡಮ್ಮಿ ಬಳಸುವುದು ಇದಕ್ಕೇ. ನಾಯಿಗೆ ಕಾಣದಂತೆ ಅಡಗಿಸಿಡುವ ಅಭ್ಯಾಸಕ್ಕೆ ಕಿತ್ತಳೆ. ಅದು ಕಾಣಬೇಕಾದದ್ದು ತರಬೇತುದಾರರಿಗೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಬೇಟೆಯನ್ನು ನಿಷೇಧಿಸಿದೆ. ವಿಡಿಯೋ ನೋಡಿ ಯಾರೂ ಕೆರೆ ಹಕ್ಕಿಗಳ ಮೇಲೆ ನಾಯಿ ಬಿಡಬೇಡಿ. ಮನೆಯಲ್ಲಿ ಲ್ಯಾಬ್ರಡಾರ್ ಮರಿ ಇದ್ದರೆ, ನುಂಗಲಾಗದಷ್ಟು ದೊಡ್ಡದಾದ ಬಿಳಿ ಆಟಿಕೆ ಸಾಕು. ಬೆಳಗಿನ ತಂಪಿನಲ್ಲಿ ಮೂರು-ನಾಲ್ಕು ಸಲ ಎಸೆದು, ಅದು "ಇನ್ನೂ ಎಸಿ" ಅಂತ ಕುಣಿಯುತ್ತಿರುವಾಗಲೇ ಆಟ ನಿಲ್ಲಿಸಿ.