ತೊಟ್ಟಿಲಿಗೆ ಮುನ್ನ ತೂಕ

ಹುಡುಗಿ ಬಸುರಿಯೆಂದು ತಿಳಿದ ಕೂಡಲೇ "ಈಗ ಇಬ್ಬರ ಊಟ ಮಾಡಬೇಕಮ್ಮಾ" ಎಂದು ಹಿರಿಯರು ಇನ್ನೊಂದು ಹೋಳಿಗೆ ಬಡಿಸುವುದು ನಮ್ಮ ಮನೆಗಳ ವಾಡಿಕೆ. ಅದೇ ಹುಡುಗಿ ಮದುವೆಯಲ್ಲಿ ತೆಳ್ಳಗೆ ಕಾಣಲೆಂದು ರಾತ್ರಿಯೂಟ ಬಿಟ್ಟಿದ್ದಾಗ ಯಾರೂ ಕೇಳಿರುವುದಿಲ್ಲ. ಆದರೆ ಮಗುವಿನ ಮೈಯಲ್ಲಿ ಕೊಬ್ಬು ಸೇರುವುದಕ್ಕೂ ತಾಯಿ ಬಸುರಾಗುವ ಮೊದಲಿದ್ದ ತೂಕಕ್ಕೂ ಸಂಬಂಧವಿದೆ.

ಉದಾಹರಣೆ ನಮ್ಮ ಪುಣೆಯಲ್ಲೇ ಇದೆ. ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಅಧ್ಯಯನ ಆರಂಭಿಸಿದರು. ಬಸುರಿಗೆ ಮೊದಲು ಅಲ್ಲಿನ ತಾಯಂದಿರ ಸರಾಸರಿ ತೂಕ ಸುಮಾರು 42 ಕಿಲೋ. ಹುಟ್ಟಿದ ಶಿಶುಗಳದು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ನಮ್ಮ ಶಿಶುಗಳಲ್ಲಿ ಮಾಂಸಖಂಡ ಬಹಳ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ತಗ್ಗಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು! ಇಂಥ ಮಗು ಮುಂದೆ ದಪ್ಪಗಾದರೆ ಸಕ್ಕರೆ ಕಾಯಿಲೆಯ ಭಯ ಹೆಚ್ಚು.

ಹಾಗೆಂದು ತಾಯಿಯ ತೂಕ ಮಿತಿಮೀರಿದರೂ ಕಷ್ಟವೇ. ಆಕೆಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಮಗು ಹೆಚ್ಚು ಇನ್ಸುಲಿನ್ ತಯಾರಿಸಿ ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ತೂಕ ಹೆಚ್ಚಿದವರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಅಂಥ ತಾಯಂದಿರ ಹೆಣ್ಣುಮಕ್ಕಳಿಗೆ ಐದನೆಯ ವಯಸ್ಸಿಗೇ ಮೈಕೊಬ್ಬು ಹೆಚ್ಚಿದ್ದುದು ಕಂಡುಬಂತು.

ಹಾಗಾದರೆ ಎಷ್ಟು ತೂಕ ಸರಿ? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿರಿ. ಭಾರತೀಯರಿಗೆ ಉತ್ತರ 18.5ರಿಂದ 23ರ ಒಳಗಿರಬೇಕು. 155 ಸೆಂಟಿಮೀಟರ್ ಎತ್ತರದ ಹುಡುಗಿಗೆ ಇದು ಸುಮಾರು 45ರಿಂದ 55 ಕಿಲೋ. ಕಡಿಮೆಯಿದ್ದರೆ ಹಾಲು, ಬೇಳೆ, ಕಾಳು, ಸೊಪ್ಪು ಹೆಚ್ಚಲಿ. ಜಾಸ್ತಿಯಿದ್ದರೆ ಸಿಹಿ, ಕರಿದ ತಿಂಡಿ ತಗ್ಗಲಿ, ನಡಿಗೆ ಹೆಚ್ಚಲಿ. ಇದೆಲ್ಲ ಬಸುರಿಗೆ ಮೊದಲೇ ಆಗಬೇಕಾದ ಕೆಲಸ. ಬಸುರಾದ ಮೇಲೆ ತೂಕ ಇಳಿಸಲು ಹೊರಡಬೇಡಿ. ಆಗ ವೈದ್ಯರು ಹೇಳಿದಂತೆ ನಡೆಯಿರಿ.

ಮಗು ದಪ್ಪಗಿದ್ದರೆ ತಾಯಿಯನ್ನೇ ದೂರುವುದೂ ತಪ್ಪು. ವಂಶ, ಮನೆಯ ಅಡಿಗೆ, ಆಟಪಾಟ ಎಲ್ಲಕ್ಕೂ ಪಾಲುಂಟು. ಗಂಡುಮಕ್ಕಳೇ, ನಾಳೆ ಹೆಂಡತಿಯೊಬ್ಬಳನ್ನೇ ನಡಿಗೆಗೆ ಕಳಿಸಬೇಡಿ, ಜೊತೆಯಲ್ಲಿ ನೀವೂ ಹೊರಡಿ. ಹೆಣ್ಣುಮಕ್ಕಳೇ, ಮದುವೆಯ ಸೀರೆಗಾಗಿ ಉಪವಾಸ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ತೊಟ್ಟಿಲು ತೂಗುವ ದಿನ ಹೋಳಿಗೆ ಮಾಡಲು ನಾವಿದ್ದೇವೆ.